ಅಪ್ಪ ಜಗಲಿಗೆ ಬರಲಿಲ್ಲ

ಆಪರೇಷನ್ ಆಗಿ ಹತ್ತನೇ ದಿನಕ್ಕೆ ಅಪ್ಪ ಜಗಲಿಗೆ ಬಂದು ಕೂರೋದನ್ನ ಬಿಟ್ಟ. ಮಧುಗಿರಿ ತಾಲೂಕಿನ ನಮ್ಮೂರಲ್ಲಿ ಸಂಜೆ ಹೊತ್ತು ಜಗಲಿಗೆ ಬಾರದ ಗಂಡಸು ಒಂದೋ ಊರಲ್ಲಿಲ್ಲ, ಇಲ್ಲಾ ಯಾರ ಹತ್ರವೋ ಸಾಲ ಮಾಡಿ ತಲೆ ತಪ್ಪಿಸಿಕೊಂಡಿದ್ದಾನೆ ಅಂತ ಲೆಕ್ಕ. ಅಪ್ಪ ಎರಡೂ ಅಲ್ಲ. ಒಳಗಿನ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಕೇಳಿದರೆ "ಯಾಕೋ ಮೈ ಸರಿಯಿಲ್ಲ" ಅಷ್ಟೇ. ನಿಜ ಹೇಳಿದ್ದು ಅಮ್ಮ, ಅದೂ ಒಲೆ ಮುಂದೆ, ತಗ್ಗಿದ ದನಿಯಲ್ಲಿ.

"ಉಚ್ಚೆ ವಾಸ್ನೆ ಬತ್ತೈತಂತೆ. ಪಂಚೆಗೆಲ್ಲ ಹತ್ತೈತೆ ಅಂತ ಒಳಗೇ ಕೂತವ್ರೆ. ನೀರೂ ಕುಡೀತಿಲ್ಲ. ಕುಡುದ್ರೆ ತಾನೆ ಹೋಗ್ಬೇಕಾಗೋದು ಅಂತಾರೆ."

ಹನ್ನೆರಡನೇ ದಿನ ರಾತ್ರಿ ಹನ್ನೊಂದಕ್ಕೆ ಅಪ್ಪನಿಗೆ ನೀರು ಪೂರ್ತಿ ಕಟ್ಟಿಕೊಂಡಿತು. ಕಾರಿನ ಹಿಂದಿನ ಸೀಟಲ್ಲಿ ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದವನನ್ನು ತುಮಕೂರಿಗೆ ಕರೆದುಕೊಂಡು ಹೋದೆ. ಒಳಗೆ ಹೆಪ್ಪುಗಟ್ಟಿದ ರಕ್ತದ ಗಡ್ಡೆ ದಾರಿಗೆ ಅಡ್ಡ ಕೂತಿತ್ತು. ಮತ್ತೆ ಪೈಪು ಹಾಕಿ, ಸಲೈನಿನಲ್ಲಿ ತೊಳೆದು, ಗಡ್ಡೆ ತೆಗೆದ ಮೇಲೆ ಡ್ಯೂಟಿಯಲ್ಲಿದ್ದ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ದಿನಕ್ಕೆ ಎಷ್ಟು ನೀರು ಕುಡೀತಿದ್ರಿ?" ಅಪ್ಪ ನನ್ನ ಮುಖ ನೋಡಿದ. ಮೊದಲ ಸಲ ಮನೆಗೆ ಕಳಿಸುವಾಗ ಕೊಟ್ಟ ಹಾಳೆಯಲ್ಲಿ ಚೆನ್ನಾಗಿ ನೀರು ಕುಡಿಯಬೇಕು ಅಂತ ಬರೆದೇ ಇತ್ತು. ಬರೆದಿದ್ದು ಇಂಗ್ಲಿಷಿನಲ್ಲಿ. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ವಾಸನೆ ಬರುತ್ತೆ, ಹೆದರಬೇಡಿ ಅಂತ ಯಾವ ಭಾಷೆಯಲ್ಲೂ ಬರೆದಿರಲಿಲ್ಲ. ಆ ಹಾಳೆಯನ್ನು ಫೈಲಿಗೆ ಸೇರಿಸಿ ಬೀರುವಿನಲ್ಲಿಟ್ಟವನು ನಾನೇ, ಬಿ.ಇ. ಓದಿದ ಮಗ. ಹಾಗಾಗಿ ಬೇರೆಯವರನ್ನು ಬಯ್ಯೋ ಹಕ್ಕು ನನಗೆ ಅಷ್ಟಾಗಿ ಇಲ್ಲ.

ಅವತ್ತು ಬೆಳಗಿನವರೆಗೂ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಓದತೊಡಗಿದೆ. ಆಮೇಲೆ ಪುಸ್ತಕಗಳನ್ನೂ ಹುಡುಕಿ ಓದಿದೆ. ಮೂತ್ರದ ವಾಸನೆಗೂ ಒಂದು ಚರಿತ್ರೆ ಇದೆ, ಅದು ದೊಡ್ಡದೇ ಇದೆ. ಎರಡು ಸಾವಿರ ವರ್ಷ ವೈದ್ಯನ ಮೂಗಿನ ಕೆಲಸವಾಗಿದ್ದದ್ದು ಯಾವತ್ತೋ ಒಂದು ದಿನ ರೋಗಿಯೊಬ್ಬನ ಮರ್ಯಾದೆಯ ಪ್ರಶ್ನೆಯಾಗಿ ಉಳಿದುಬಿಟ್ಟಿತು. ನಾನು ಹೇಳಹೊರಟಿರೋದು ಆ ಕಥೆ.

ಮೊದಲ ಸಲ ಅಪ್ಪ ಇದ್ದ ವಾರ್ಡಿನಲ್ಲಿ ನಾಲ್ಕು ಹಾಸಿಗೆ. ಕಾಕತಾಳೀಯ ಅನ್ನಿ, ನಾಲ್ಕಕ್ಕೂ ಒಂದೊಂದು ತಾಲೂಕು. ಮಧುಗಿರಿ ನಮ್ಮಪ್ಪ. ಕಿಟಕಿ ಪಕ್ಕದಲ್ಲಿ ಶಿರಾ ಕಡೆಯವರು, ಬಾಗಿಲ ಹತ್ತಿರ ಕೊರಟಗೆರೆಯ ನಿವೃತ್ತ ಮೇಷ್ಟ್ರು, ಮೂಲೆಯಲ್ಲಿ ಪಾವಗಡದ ಕಡ್ಲೆಕಾಯಿ ರೈತ. ನಾಲ್ವರ ಮಂಚದ ಕೆಳಗೂ ಒಂದೊಂದು ಕೆಂಪು ನೀರಿನ ಚೀಲ. ನಾಲ್ವರೂ ಮಾತಾಡಿದ್ದು ಮಳೆ, ಹುಣಸೆಹಣ್ಣಿನ ರೇಟು, ಯಾರ ಬೋರ್‌ವೆಲ್ ಎಷ್ಟು ಅಡಿಗೆ ಹೋಯಿತು ಅನ್ನೋದರ ಬಗ್ಗೆ. ಯಾವುದಕ್ಕಾಗಿ ಅಲ್ಲಿ ಬಂದು ಮಲಗಿದ್ದರೋ ಅದರ ಬಗ್ಗೆ ಒಂದು ಮಾತೂ ಇಲ್ಲ.

ಅವರು ಬಂದದ್ದು ಪ್ರಾಸ್ಟೇಟ್‌ಗೆ. ಗಂಡಸರಿಗೆ ಮಾತ್ರ ಇರುವ, ಅಡಿಕೆಗಿಂತ ತುಸು ದೊಡ್ಡದಾದ ಒಂದು ಗ್ರಂಥಿ ಅದು. ಮೂತ್ರಕೋಶದ ಬಾಯಲ್ಲಿ, ಮೂತ್ರನಾಳವನ್ನು ಸುತ್ತಿಕೊಂಡು ಕೂತಿರುತ್ತೆ. ವಯಸ್ಸಾದಂತೆ ಅದು ಬೆಳೆಯುತ್ತೆ, ಬೆಳೆದು ನಾಳವನ್ನು ಹಿಸುಕುತ್ತೆ. ಇದು ಕ್ಯಾನ್ಸರ್ ಅಲ್ಲ, ತಲೆಕೂದಲು ನೆರೆಯುವ ಹಾಗೆ ವಯಸ್ಸಿನ ಬಾಬತ್ತು. ಅರವತ್ತು ದಾಟಿದ ಗಂಡಸರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಈ ಬೆಳವಣಿಗೆ ಕಾಣುತ್ತೆ. ಎಲ್ಲರಿಗೂ ತೊಂದರೆ ಕೊಡಲ್ಲ, ಎಲ್ಲರಿಗೂ ಆಪರೇಷನ್ನೂ ಬೇಕಾಗಲ್ಲ. ನಮ್ಮ ತಾತಂದಿರ ಕಾಲದಲ್ಲಿ ಇದು ಹೆಚ್ಚು ಕೇಳಿಬರದೇ ಇದ್ದದ್ದಕ್ಕೆ ಒಂದು ಸರಳ ಕಾರಣ ಇದೆ. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದ ಸರಾಸರಿ ಆಯಸ್ಸು ಸುಮಾರು 32 ವರ್ಷ. ಪ್ರಾಸ್ಟೇಟ್ ಬೆಳೆಯೋ ವಯಸ್ಸಿಗೆ ಬದುಕಿ ಉಳಿದವರೇ ಕಮ್ಮಿ. ಉಳಿದವರು ಹೇಳಿಕೊಳ್ಳಲಿಲ್ಲ.

ಆದರೆ ಹಳಬರಿಗೆ ಈ ಕಾಯಿಲೆ ಗೊತ್ತಿತ್ತು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಮೂತ್ರಾಘಾತ, ಅಂದರೆ ಮೂತ್ರ ಕಟ್ಟಿಕೊಳ್ಳೋದರಲ್ಲಿ ಹನ್ನೆರಡು ಬಗೆ ಹೇಳಿದ್ದಾರೆ. ಅದರಲ್ಲೊಂದು ವಾತಾಷ್ಠೀಲ. ಮಲದ ದಾರಿಗೂ ಮೂತ್ರಕೋಶಕ್ಕೂ ನಡುವೆ ಕಲ್ಲಿನ ಗುಂಡಿನಂಥ ಗಟ್ಟಿ ಗಂಟು ಎದ್ದು ದಾರಿ ಕಟ್ಟುತ್ತೆ ಅನ್ನೋದು ಅದರ ವಿವರಣೆ. ಬೆರಳಿಟ್ಟು ತೋರಿಸಿದ ಹಾಗಿದೆ. ಇದು ಪ್ರಾಸ್ಟೇಟೇ ಅಂತ ಇವತ್ತಿನ ಅನೇಕ ಆಯುರ್ವೇದ ವೈದ್ಯರು ಓದಿಕೊಳ್ತಾರೆ.

ವಾಸನೆಯ ವಿಚಾರಕ್ಕೆ ಚರಕ ಸಂಹಿತೆಗೆ ಬರಬೇಕು. ಅಲ್ಲಿ ಪ್ರಮೇಹ ಇಪ್ಪತ್ತು ಬಗೆ. ಬಗೆಗಳನ್ನು ಬೇರೆ ಮಾಡೋದಕ್ಕೆ ಬಣ್ಣ, ರುಚಿ, ಸ್ಪರ್ಶದ ಜೊತೆಗೆ ವಾಸನೆಯೂ ಒಂದು ಅಳತೆ. ಕ್ಷಾರಮೇಹ ಅಂದರೆ ಕ್ಷಾರದಂತೆ ವಾಸನೆ ಬರೋದು. ಮಂಜಿಷ್ಠಾಮೇಹದಲ್ಲಿ ಮೂತ್ರ ಕೆಂಪಗಿದ್ದು 'ವಿಸ್ರ' ವಾಸನೆ, ಅಂದರೆ ಹಸಿ ಮಾಂಸದ, ರಕ್ತದ ನಾತ. ಮೂತ್ರಕ್ಕೆ ಇರುವೆ ಮುತ್ತೋದು ಸಿಹಿಮೂತ್ರ ಕಾಯಿಲೆಯ ಮುನ್ಸೂಚನೆ. ನಮ್ಮ ತಾಲೂಕಿನ ಹೆಸರಲ್ಲೂ ಮಧು, ಆ ಕಾಯಿಲೆಯ ಹೆಸರಲ್ಲೂ ಮಧು. ಬೆಟ್ಟದ್ದು ಜೇನು, ಮೇಹದ್ದು ಸಕ್ಕರೆ.

ಆ ವೈದ್ಯ ಮೂಗು ಮುಚ್ಚಿಕೊಂಡಿದ್ದರೆ ಈ ಪಟ್ಟಿ ಹುಟ್ಟುತ್ತಲೇ ಇರಲಿಲ್ಲ. ಈ ವಿದ್ಯೆ ಕನ್ನಡ ನಾಡಿಗೂ ಹೊಸದಲ್ಲ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಉಗ್ರಾದಿತ್ಯ ಎಂಬ ಜೈನ ಮುನಿ ಸಂಸ್ಕೃತದಲ್ಲಿ 'ಕಲ್ಯಾಣಕಾರಕ' ಎಂಬ ವೈದ್ಯಗ್ರಂಥ ಬರೆದರು. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ಅದೇ ಹೆಸರಿನ ಗ್ರಂಥವನ್ನು ಕನ್ನಡದಲ್ಲೇ ಕೊಟ್ಟ. ರೋಗಿಗೆ ಅರ್ಥವಾಗೋ ಭಾಷೆಯಲ್ಲಿ ವೈದ್ಯ ಬರೆಯೋದು ಒಂಬೈನೂರು ವರ್ಷದ ಹಿಂದೆಯೇ ಸಾಧ್ಯವಾಗಿತ್ತು. ನನ್ನ ಬೀರುವಿನಲ್ಲಿದ್ದ ಹಾಳೆ ನೆನಪಾಗಿ ಈ ಮಾತು ಹೇಳಿದೆ.

ಊರಿನ ಮಟ್ಟಕ್ಕೆ ಇಳಿದರೆ ಮದ್ದು ಕಾಲಡಿಯಲ್ಲೇ ಇತ್ತು. ಪಾವಗಡ, ಶಿರಾ ಕಡೆಯ ಹೊಲದಲ್ಲಿ ಬರಿಗಾಲಲ್ಲಿ ನಡೆದವರಿಗೆ ನೆಗ್ಗಿಲ ಮುಳ್ಳಿನ ಪರಿಚಯ ಬೇಡ. ಸಂಸ್ಕೃತದಲ್ಲಿ ಅದು ಗೋಕ್ಷುರ, ಮೂತ್ರ ಸಲೀಸಾಗಲಿ ಅಂತ ಆಯುರ್ವೇದದಲ್ಲಿ ಕೊಡುವ ಗಿಡ. ಕೊರಟಗೆರೆಯ ಸಿದ್ಧರಬೆಟ್ಟಕ್ಕೆ ಬೇರು-ನಾರು ಹುಡುಕಿಕೊಂಡು ಹೋಗೋರು ಈಗಲೂ ಇದ್ದಾರೆ. ಕಷಾಯದಿಂದ ಉರಿ ಒಂದಿಷ್ಟು ತಗ್ಗಿತೇನೋ. ಬೆಳೆದು ದಾರಿ ಕಟ್ಟಿದ ಗಂಟಿಗೆ ಅದು ಸಾಲುವಂಥದ್ದಲ್ಲ.

ಯುರೋಪಿನ ವೈದ್ಯರೂ ಇದೇ ದಾರಿಯಲ್ಲಿ ನಡೆದವರು. ಅಲ್ಲಿ ಮಧ್ಯಯುಗದ ವೈದ್ಯನ ಗುರುತೇ ಒಂದು ಗಾಜಿನ ಬುರುಡೆ. ರೋಗಿಯ ಮೂತ್ರವನ್ನು ಅದರಲ್ಲಿ ಹಿಡಿದು, ಬೆಳಕಿಗೆ ಎತ್ತಿ ನೋಡಿ, ಮೂಸಿ, ಕೆಲವೊಮ್ಮೆ ನಾಲಿಗೆಗೂ ತಾಗಿಸಿ ರೋಗ ಹೇಳೋರು. ಬಣ್ಣಗಳ ಚಕ್ರ ಬರೆದ ಪಟಗಳೇ ಇದ್ದವು. ಬರಬರುತ್ತಾ ಇದು ಗಿಣಿಶಾಸ್ತ್ರದ ಮಟ್ಟಕ್ಕೆ ಇಳಿಯಿತು. ರೋಗಿಯ ಮುಖವನ್ನೇ ನೋಡದೆ, ಯಾರೋ ತಂದುಕೊಟ್ಟ ಬಾಟಲಿ ನೋಡಿ ಭವಿಷ್ಯ ಹೇಳೋರು ಹುಟ್ಟಿಕೊಂಡರು. 1637ರಲ್ಲಿ ಥಾಮಸ್ ಬ್ರಯಾನ್ ಎಂಬ ಇಂಗ್ಲಿಷ್ ವೈದ್ಯ ಇವರನ್ನೆಲ್ಲ ಉಚ್ಚೆ ಪ್ರವಾದಿಗಳು ಅಂತ ಹಂಗಿಸಿ ಒಂದು ಪುಸ್ತಕವನ್ನೇ ಬರೆದ. ಮರ್ಯಾದಸ್ಥ ವೈದ್ಯರು ಆಮೇಲೆ ಮೆಲ್ಲಗೆ ಮೂಗನ್ನು ಹಿಂದಕ್ಕೆ ತೆಗೆದುಕೊಂಡರು.

ವೈದ್ಯನಲ್ಲದವನೊಬ್ಬ ಮಾತ್ರ ಈ ವಾಸನೆ ಬಗ್ಗೆ ನಾಚಿಕೆಯಿಲ್ಲದೆ ಬರೆದ. ಮಿಂಚಿಗೂ ಗಾಳಿಪಟಕ್ಕೂ ಗಂಟು ಹಾಕಿದ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಆಸ್ಪರಾಗಸ್ ಎಂಬ ತರಕಾರಿಯ ನಾಲ್ಕು ಕಾಂಡ ತಿಂದರೆ ಮೂತ್ರ ನಾರುತ್ತೆ, ಬಟಾಣಿ ಗಾತ್ರದ ಟರ್ಪೆಂಟೈನ್ ಗುಳಿಗೆ ನುಂಗಿದರೆ ಅದೇ ಮೂತ್ರ ಹೂವಿನಂತೆ ಘಮಘಮಿಸುತ್ತೆ ಅಂತ 1781ರ ಸುಮಾರಿಗೆ ತಮಾಷೆಯ ಪತ್ರವೊಂದರಲ್ಲಿ ಬರೆದಿದ್ದಾನೆ. ಟರ್ಪೆಂಟೈನ್ ನುಂಗೋಕೆ ಹೋಗಬೇಡಿ, ಅದು ವಿಷ. ತಿಂದದ್ದು ಮೂತ್ರದಲ್ಲಿ ಮೂಗಿಗೆ ಬರುತ್ತೆ ಅನ್ನೋದು ಮಾತ್ರ ನಿಜ. ನಮ್ಮ ಕಡೆ ಆಸ್ಪರಾಗಸ್ ಇಲ್ಲ, ಮೆಂತ್ಯ ಇದೆ. ಮೆಂತ್ಯ ಜಾಸ್ತಿ ತಿಂದ ಮಾರನೇ ದಿನ ಬೆವರಿಗೂ ಮೂತ್ರಕ್ಕೂ ಒಂಥರಾ ಸಿಹಿಯಾದ ಪಾಕದ ವಾಸನೆ ಬರುತ್ತೆ. ಅದೇ ಫ್ರಾಂಕ್ಲಿನ್ 1752ರಲ್ಲಿ ಮೂತ್ರ ಕಟ್ಟಿ ಒದ್ದಾಡುತ್ತಿದ್ದ ತನ್ನ ಅಣ್ಣನಿಗಾಗಿ ಬಳುಕುವ ಬೆಳ್ಳಿಯ ಕ್ಯಾತಿಟರ್ ಒಂದನ್ನು ಮಾಡಿಸಿಕೊಟ್ಟಿದ್ದ. ನಮ್ಮಪ್ಪನಿಗೆ ಹಾಕಿದ ಪೈಪಿನ ಪೂರ್ವಜ ಅದು.

ಇಷ್ಟಕ್ಕೂ ಮೂತ್ರ ಯಾಕೆ ನಾರುತ್ತೆ? ಕುರಿ ರೊಪ್ಪದ ಪಕ್ಕ ಬೆಳೆದವನು ನಾನು. ಬೆಳಗ್ಗೆ ಕಣ್ಣು ಉರಿಯೋ ಹಾಗೆ ಏಳುತ್ತಲ್ಲ ಆ ಘಾಟು, ಅದು ಅಮೋನಿಯ. ಆಗ ತಾನೆ ಹೊಯ್ದ ಮೂತ್ರದಲ್ಲಿ ಅದು ಅಷ್ಟಿರಲ್ಲ. ಅದರಲ್ಲಿರೋದು ಯೂರಿಯಾ, ನಾವು ಹೊಲಕ್ಕೆ ಚೆಲ್ಲೋ ಮೂಟೆಯ ಯೂರಿಯಾ ಇದೆಯಲ್ಲ, ಅದೇ ವಸ್ತು. ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯ ಮಾಡುತ್ತವೆ. ಮೂತ್ರ ಹಳತಾಗಿ ಕೆಡೋದು ತಾನಾಗೇ ಅಲ್ಲ, ಜೀವಾಣುಗಳಿಂದ ಅಂತ 1860ರ ದಶಕದಲ್ಲಿ ಲೂಯಿ ಪಾಶ್ಚರ್ ವಾದಿಸಿದ. ಒಡೆಯೋ ಕೆಲಸ ಮಾಡುವ ಕಿಣ್ವದ ಹೆಸರು ಯೂರಿಯೇಸ್. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಅದನ್ನು ಜ್ಯಾಕ್ ಬೀನ್ ಎಂಬ, ನಮ್ಮ ಅವರೆಯ ದೂರದ ನಂಟ ಅನ್ನಬಹುದಾದ ಕಾಳಿನಿಂದ ಹರಳಾಗಿ ಬೇರ್ಪಡಿಸಿದ. ಹದಿಹರೆಯದಲ್ಲೇ ಎಡಗೈ ಕಳೆದುಕೊಂಡಿದ್ದ ಈ ವಿಜ್ಞಾನಿಗೆ 1946ರಲ್ಲಿ ನೊಬೆಲ್ ಬಂತು. ರೊಪ್ಪದ ಘಾಟಿನ ಹಿಂದೆ ಒಂದು ನೊಬೆಲ್ ಇದೆ ಅಂತ ನನಗೆ ಮೂವತ್ತು ದಾಟಿದ ಮೇಲೆ ಗೊತ್ತಾಯಿತು.

ಪ್ರಾಸ್ಟೇಟಿನವರಿಗೆ ಇದರಿಂದ ಏನು ಅಂದರೆ, ದಾರಿ ಇಕ್ಕಟ್ಟಾದಾಗ ಮೂತ್ರಕೋಶ ಪೂರ್ತಿ ಖಾಲಿಯಾಗಲ್ಲ. ಕೆರೆ ಹೂಳು ತುಂಬಿ ತೂಬು ಕಟ್ಟಿಕೊಂಡ ಹಾಗೆ ತಳದಲ್ಲಿ ನೀರು ನಿಂತೇ ಇರುತ್ತೆ. ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯೋದು ಸುಲಭ. ಅಂದರೆ ವಾಸನೆಗೆ ಕಾರಣ ಆಪರೇಷನ್ನಿಗಿಂತ ಮುಂಚೆಯೇ ಒಳಗೆ ಕೂತಿರಬಹುದು. ಎರಡು ವರ್ಷದಿಂದ ಅಪ್ಪನ ಬಚ್ಚಲಿನಲ್ಲಿ ಘಾಟು ಇತ್ತು ಅಂತ ಅಮ್ಮ ಆಮೇಲೆ ಹೇಳಿದಳು. ರಾತ್ರಿ ಐದು ಸಲ ಏಳುತ್ತಿದ್ದ. ವಯಸ್ಸಾಯ್ತಲ್ಲ ಅಂದುಕೊಂಡು ಎಲ್ಲರೂ ಸುಮ್ಮನಿದ್ದೆವು.

ಇನ್ನು ಆಪರೇಷನ್ನಿನ ಕಥೆ. 19ನೇ ಶತಮಾನದಲ್ಲಿ ಮೂತ್ರ ಕಟ್ಟಿದ ಮುದುಕರಿಗೆ ಯುರೋಪಿನಲ್ಲಿ ಉಳಿದಿದ್ದ ದಾರಿ ಕ್ಯಾತಿಟರ್ ಜೀವನ. ಬೆಳಗ್ಗೆ ಸಂಜೆ ತಾವೇ ಕೊಳವೆ ತೂರಿಸಿಕೊಂಡು ಮೂತ್ರ ಇಳಿಸಿಕೊಳ್ಳೋದು. ಕೊಳವೆಯನ್ನು ಹ್ಯಾಟಿನಲ್ಲೋ ಊರುಗೋಲಿನೊಳಗೋ ಬಚ್ಚಿಟ್ಟುಕೊಂಡು ಓಡಾಡೋರು. ಕೊಳವೆ ಕುದಿಸಬೇಕು ಅನ್ನೋದು ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಸೋಂಕು ತಗುಲಿ, ಮೂತ್ರ ನಾರಿ, ಜ್ವರ ಬಂದು, ಮೂತ್ರಪಿಂಡ ಹಾಳಾಗಿ ಸಾಯೋರು.

ಅದನ್ನು ಬದಲಾಯಿಸಿದವರಲ್ಲಿ ಪೀಟರ್ ಫ್ರೇಯರ್ ಒಬ್ಬ. ಐರ್ಲೆಂಡಿನ ಗಾಲ್ವೇ ಕಡೆಯವನು. 1875ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಇಪ್ಪತ್ತು ವರ್ಷ ಈಗಿನ ಉತ್ತರ ಪ್ರದೇಶದ ಕಡೆ ಕೆಲಸ ಮಾಡಿದ. ಮೂತ್ರಕೋಶದ ಕಲ್ಲನ್ನು ಒಳಗೇ ಪುಡಿ ಮಾಡಿ ತೆಗೆಯೋದರಲ್ಲಿ ನಿಪುಣ. ರಾಂಪುರದ ನವಾಬರಿಗೆ ಚಿಕಿತ್ಸೆ ಕೊಟ್ಟು ಒಂದು ಲಕ್ಷ ರೂಪಾಯಿ ಪಡೆದು ಸರ್ಕಾರದ ಕಣ್ಣು ಕೆಂಪಾಗಿಸಿದವನು. ನಮ್ಮ ದೇಶದ ರೈತರ ಮೈಮೇಲೆ ಪಳಗಿದ ಕೈ ಅದು ಅಂದರೆ ತಪ್ಪಿಲ್ಲ. ನಿವೃತ್ತನಾಗಿ ಲಂಡನ್ನಿಗೆ ಹೋಗಿ, 1900ರ ಡಿಸೆಂಬರ್ 1ರಂದು ಅಲ್ಲಿನ ಸೇಂಟ್ ಪೀಟರ್ಸ್ ಆಸ್ಪತ್ರೆಯಲ್ಲಿ 69 ವರ್ಷದ ಒಬ್ಬ ರೋಗಿಯ ಕಿಬ್ಬೊಟ್ಟೆ ಕೊಯ್ದು, ಬೆರಳಿನಿಂದಲೇ ಬೆಳೆದ ಪ್ರಾಸ್ಟೇಟನ್ನು ಕಿತ್ತಳೆ ತೊಳೆ ಬಿಡಿಸಿದ ಹಾಗೆ ಬಿಡಿಸಿ ತೆಗೆದ. ನ್ಯೂಯಾರ್ಕಿನ ಯೂಜೀನ್ ಫುಲ್ಲರ್ ಇದನ್ನು ಕೆಲ ವರ್ಷ ಮುಂಚೆಯೇ ಮಾಡಿದ್ದ, ಮೊದಲಿಗ ಯಾರು ಅಂತ ಜಗಳವೂ ಆಯಿತು. ಆದರೆ ಲೋಕಕ್ಕೆ ಇದನ್ನು ಒಪ್ಪಿಸಿದವನು ಫ್ರೇಯರ್.

ಸರಿಯಾಗಿ ಒಂದು ವಾರ ಬಿಟ್ಟು, ಡಿಸೆಂಬರ್ 8ರಂದು ಬೆಂಗಳೂರಿನಲ್ಲಿ ಲಾರ್ಡ್ ಕರ್ಜನ್ ವಿಕ್ಟೋರಿಯಾ ಆಸ್ಪತ್ರೆಯನ್ನು ಉದ್ಘಾಟಿಸಿದ. 1897ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲು ಹಾಕಿದ್ದ ಆಸ್ಪತ್ರೆ. ಎರಡು ತಾರೀಖನ್ನು ಪಕ್ಕಪಕ್ಕ ಇಟ್ಟು ನೋಡುವಾಗ ನನಗೆ ಆ ಕಾಲದ ಪಾವಗಡದ ಒಬ್ಬ ಮುದುಕ ಕಣ್ಣಿಗೆ ಬರುತ್ತಾನೆ. ತುಮಕೂರಿಗೆ 1884ರಲ್ಲೇ ರೈಲು ಬಂದಿತ್ತು. ಆದರೆ ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರಿನ ಆಸುಪಾಸು, ಎತ್ತಿನ ಗಾಡಿಯಲ್ಲಿ ದಿನಗಟ್ಟಲೆ ದಾರಿ. ಮೂತ್ರ ಕಟ್ಟಿದವನಿಗೆ ಒಂದು ರಾತ್ರಿ ಕಳೆಯೋದೇ ನರಕ ಅಂತ ನಾನು ಕಾರಿನಲ್ಲಿ ಒಂದು ಗಂಟೆ ನೋಡಿದ್ದೇನೆ. ಗಾಡಿಯಲ್ಲಿ ಹೊರಟ ಎಷ್ಟು ಜನ ಮುಟ್ಟಿದರು, ಎಷ್ಟು ಜನ ಹೊರಡಲೇ ಇಲ್ಲ ಅನ್ನೋದನ್ನು ಯಾವ ಗೆಜೆಟಿಯರೂ ಬರೆದಿಡಲಿಲ್ಲ.

ಫ್ರೇಯರ್ ಮಾಡಿದ ಆಪರೇಷನ್ನಿನಲ್ಲಿ ಜೀವ ಉಳಿಯುತ್ತಿತ್ತು, ವಾಸನೆ ಹೋಗುತ್ತಿರಲಿಲ್ಲ. ಹೊಟ್ಟೆಯ ಗಾಯವನ್ನು ಪೂರ್ತಿ ಹೊಲಿಯದೆ ಅದರಲ್ಲೊಂದು ದಪ್ಪ ರಬ್ಬರ್ ನಳಿಗೆ ಬಿಡೋರು. ವಾರಗಟ್ಟಲೆ ಮೂತ್ರ ಆ ಗಾಯದಿಂದಲೇ ಸೋರೋದು. ಬಟ್ಟೆ ಬದಲಾಯಿಸಿದಷ್ಟೂ ನೆನೆಯೋದು. ನಿಮಗೆ ವಾರ್ಡಿನ ಗಾಳಿ ಊಹಿಸಿಕೊಳ್ಳೋದು ಕಷ್ಟ ಆಗಲಿಕ್ಕಿಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಜೋಸೆಫ್ ಮೆಕಾರ್ಥಿ ಮೊದಲಾದವರು ಮೂತ್ರದ ದಾರಿಯಿಂದಲೇ ಸಣ್ಣ ಉಪಕರಣ ತೂರಿಸಿ, ವಿದ್ಯುತ್ ತಂತಿಯಿಂದ ಪ್ರಾಸ್ಟೇಟನ್ನು ಚೂರುಚೂರಾಗಿ ಕೆರೆದು ತೆಗೆಯೋದನ್ನು ಪಳಗಿಸಿದರು. ನಮ್ಮವರು ಕೊಯ್ಯದೇ ಮಾಡೋ ಆಪರೇಷನ್ ಅನ್ನೋದು ಇದನ್ನೇ, ಡಾಕ್ಟರುಗಳ ಬಾಯಲ್ಲಿ ಟಿ.ಯು.ಆರ್.ಪಿ. 1945ರಲ್ಲಿ ಟೆರೆನ್ಸ್ ಮಿಲ್ಲಿನ್ ಎಂಬ ಇನ್ನೊಬ್ಬ ಐರಿಶ್ ಸರ್ಜನ್, ಮೂತ್ರಕೋಶವನ್ನು ಕೊಯ್ಯದೆ ಮುಂದಿನಿಂದ ಪ್ರಾಸ್ಟೇಟ್ ತೆಗೆಯೋ ದಾರಿ ತೋರಿಸಿದ. ಈಗ ಲೇಸರೂ ಬಂದಿದೆ.

ವಾರ್ಡಿನ ವಾಸನೆ ಹೋಗಿದ್ದಕ್ಕೆ ಮಾತ್ರ ಸರ್ಜನ್‌ಗಳಿಗಿಂತ ಹೆಚ್ಚಾಗಿ ಒಂದು ಚೀಲಕ್ಕೆ ಥ್ಯಾಂಕ್ಸ್ ಹೇಳಬೇಕು. ಮಂಚದ ಕೆಳಗೆ ನೇತಾಡುತ್ತಲ್ಲ, ಅದೇ ಯೂರಿನ್ ಬ್ಯಾಗು. ಮೊದಲು ಪೈಪಿನ ತುದಿ ಬಾಯಿ ತೆರೆದ ಬಾಟಲಿಗೆ ಇಳಿಯುತ್ತಿತ್ತು. ಬಾಟಲಿಯ ಬ್ಯಾಕ್ಟೀರಿಯಾ ಪೈಪು ಹತ್ತಿಕೊಂಡು ಮೂತ್ರಕೋಶ ಸೇರೋವು. ನಾಲ್ಕು ದಿನದೊಳಗೆ ಬಹುತೇಕ ಎಲ್ಲರ ಮೂತ್ರದಲ್ಲೂ ಅವು ತುಂಬಿಕೊಳ್ಳೋವು. 1928ರಲ್ಲಿ ಲಂಡನ್ನಿನ ಕತ್‌ಬರ್ಟ್ ಡ್ಯೂಕ್ಸ್, ಗಾಳಿಯಾಡದಂತೆ ಮುಚ್ಚಿದ ವ್ಯವಸ್ಥೆ ಇರಬೇಕು ಅಂದ. 1930ರ ದಶಕದಲ್ಲಿ ಫ್ರೆಡೆರಿಕ್ ಫೋಲಿ ತುದಿಯಲ್ಲಿ ಬಲೂನಿರುವ, ತಾನಾಗಿ ಜಾರಿ ಬೀಳದ ಕ್ಯಾತಿಟರ್ ಮಾಡಿದ. ಮುಚ್ಚಿದ ಚೀಲದಿಂದ ಸೋಂಕು ಇಳಿಯುತ್ತೆ ಅಂತ 1966ರಲ್ಲಿ ಅಮೆರಿಕದ ಕ್ಯೂನಿನ್ ಮತ್ತು ಮೆಕಾರ್ಮಾಕ್ ಅಂಕಿಅಂಶ ಸಮೇತ ತೋರಿಸಿದರು. ಡ್ಯೂಕ್ಸ್ ಹೇಳಿ 38 ವರ್ಷ ಆಗಿತ್ತು. ಒಂದು ಮುಚ್ಚಳದ ಬುದ್ಧಿ ಲೋಕಕ್ಕೆ ಹಬ್ಬೋಕೆ ಒಂದು ತಲೆಮಾರೇ ಹಿಡಿಯಿತು.

ಇಷ್ಟಾದ ಮೇಲೂ ಆಪರೇಷನ್ ಆದವರಿಗೆ ವಾಸನೆ ಬದಲಾಗುತ್ತೆ. ಅದಕ್ಕೆ ಕಾರಣಗಳು ಒಂದರ ಹಿಂದೊಂದು ಬರುತ್ತವೆ. ಮೊದಲ ದಿನಗಳಲ್ಲಿ ರಕ್ತ, ಹಾಗಾಗಿ ಹಸಿ ಕಬ್ಬಿಣದಂಥ ವಾಸನೆ. ಚರಕ ಹೇಳಿದ 'ವಿಸ್ರ' ಇದಕ್ಕೂ ಒಪ್ಪುವ ಮಾತು. ಜೊತೆಗೆ ಆಂಟಿಬಯೋಟಿಕ್, ಬಿ ಕಾಂಪ್ಲೆಕ್ಸ್ ಮಾತ್ರೆಗಳ ಔಷಧಿ ವಾಸನೆ. ಆಮೇಲೆ, ಹತ್ತು ಹದಿನೈದನೇ ದಿನದ ಹೊತ್ತಿಗೆ, ಒಳಗಿನ ಗಾಯದ ಹಕ್ಕಳೆ ಉದುರುತ್ತೆ. ಮೊಣಕಾಲಿನ ಗಾಯದ ಹಕ್ಕಳೆ ಏಳುವ ಹಾಗೆಯೇ, ಇದು ಮೂತ್ರದ ಜೊತೆ ಬರುತ್ತೆ ಅಷ್ಟೇ. ಆಗ ಇನ್ನೊಮ್ಮೆ ರಕ್ತ ಕಾಣಬಹುದು, ವಾಸನೆಯೂ ಏರಬಹುದು. ಒಳಗಿನ ಗಾಯ ಪೂರ್ತಿ ಮಾಗೋಕೆ ಆರರಿಂದ ಹನ್ನೆರಡು ವಾರ. ಅಲ್ಲಿಯವರೆಗೂ ಲ್ಯಾಬ್ ರಿಪೋರ್ಟಿನಲ್ಲಿ ಕೀವಿನ ಕಣ ಕಾಣಿಸುತ್ತಿರಬಹುದು, ಅಷ್ಟಕ್ಕೇ ಸೋಂಕು ಅನ್ನೋಕಾಗಲ್ಲ.

ಈ ಎಲ್ಲದರ ಮೇಲೆ ನೀರು ಕಮ್ಮಿಯಾದರೆ ಪ್ರತಿಯೊಂದು ವಾಸನೆಯೂ ನಾಲ್ಕು ಪಟ್ಟು. ಗಟ್ಟಿ ಕಷಾಯಕ್ಕೂ ತೆಳು ಕಷಾಯಕ್ಕೂ ಇರೋ ವ್ಯತ್ಯಾಸ ಅದು. ಅಪ್ಪನಿಗೆ ಆದದ್ದು ಇದೇ. ವಾಸನೆ ಬಂತು ಅಂತ ನೀರು ಬಿಟ್ಟ, ನೀರು ಬಿಟ್ಟಿದ್ದಕ್ಕೆ ವಾಸನೆ ಏರಿತು, ಏರಿತು ಅಂತ ಇನ್ನಷ್ಟು ಬಿಟ್ಟ. ನಮ್ಮ ಕೋಡಿನಲ್ಲಿ ಇಂಥ ಲೂಪ್ ಬಿದ್ದರೆ ಸರ್ವರ್ ಕೂತುಬಿಡುತ್ತೆ. ಅಪ್ಪನ ಮೈಯಲ್ಲಿ ರಕ್ತದ ಗಡ್ಡೆ ಕೂತಿತು.

ವಾಸನೆ ಮತ್ತು ಸೋಂಕಿನ ವಿಚಾರದಲ್ಲಿ ವೈದ್ಯಲೋಕ ಈಗ ಒಂದು ಸುತ್ತು ಬಂದು ನಿಂತಿದೆ. ಪೈಪು ಹಾಕಿದವರ ಮೂತ್ರ ನಾರಿತು ಅಥವಾ ಕದಡಿತು ಅನ್ನೋದೊಂದರಿಂದಲೇ ಕಾಯಿಲೆಯ ಸೋಂಕು ಅಂತ ತೀರ್ಮಾನಿಸಬಾರದು ಅಂತ ಅಮೆರಿಕದ ಸೋಂಕುರೋಗ ತಜ್ಞರ ಸಂಘ 2010ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲೇ ಇದೆ. ಹಾಗಾಗಿ ವಾಸನೆ ಬಂತು ಅಂತ ಮೆಡಿಕಲ್ ಸ್ಟೋರಿಗೆ ಓಡಿ ಆಂಟಿಬಯೋಟಿಕ್ ತಂದು ನುಂಗೋದು ತಪ್ಪು. ಆದರೆ ವಾಸನೆಯ ಜೊತೆ ಚಳಿಜ್ವರ ಬಂದರೆ, ಉರಿ ದಿನದಿನಕ್ಕೆ ಏರಿದರೆ, ಗಡ್ಡೆ ಗಡ್ಡೆ ರಕ್ತ ಹೋದರೆ, ಧಾರೆ ನಿಂತರೆ, ವಯಸ್ಸಾದವರು ಇದ್ದಕ್ಕಿದ್ದಂತೆ ತಬ್ಬಿಬ್ಬಾಗಿ ಮಾತಾಡಿದರೆ ಬೆಳಗಾಗಲಿ ಅಂತ ಕಾಯಬಾರದು. ಹೃದಯದ್ದೋ ಕಿಡ್ನಿಯದ್ದೋ ತೊಂದರೆ ಇದ್ದು ಡಾಕ್ಟರು ನೀರಿಗೆ ಮಿತಿ ಹಾಕಿದ್ದರೆ ಬೇರೆ ಮಾತು. ಇಲ್ಲದಿದ್ದರೆ ದಿನಕ್ಕೆ ಎರಡು, ಎರಡೂವರೆ ಲೀಟರ್ ನೀರೇ ಆ ವಾರಗಳ ದೊಡ್ಡ ಮದ್ದು.

ಮದ್ದು ಸುಲಭ ಅನ್ನಿಸುತ್ತೆ. ಆದರೆ ಈ ನಾಲ್ಕು ತಾಲೂಕಿನಲ್ಲಿ ನೀರು ಯಾವತ್ತೂ ಸುಲಭದ ಮಾತಲ್ಲ. ಪಾವಗಡ, ಶಿರಾ, ಮಧುಗಿರಿಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಅಂತ ಶುದ್ಧ ನೀರಿನ ಘಟಕಕ್ಕೆ ಕ್ಯಾನ್ ಹಿಡಿದು ಹೋಗೋರು ನಾವು. ಕಾಯಿನ್ ಹಾಕಿ ತಂದ ನೀರನ್ನು ಮೊಮ್ಮಕ್ಕಳಿಗಿರಲಿ ಅಂತ ಮುದುಕರು ಕಮ್ಮಿ ಕುಡೀತಾರೆ. ಹೊಲದ ಕೆಲಸದಲ್ಲಿ, ಸಂತೆಗೆ ಹೋಗುವ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಎದ್ದು ಹೋಗೋದು ಮುಜುಗರ ಅಂತ ಮತ್ತಷ್ಟು ಕಮ್ಮಿ. ಮನೆ ಮುಂದೆ ಸಗಣಿ ಗಂಜಲ ಬಳಿದರೆ ಮಂಗಳ ಅನ್ನೋ ಊರಲ್ಲಿ, ಮನೆ ಯಜಮಾನನ ಪಂಚೆಯ ವಾಸನೆ ಮಾತ್ರ ಮಾನ ಕಳೆಯೋ ಸಂಗತಿ.

ಇದು ಹಳ್ಳಿಯವರ ನಾಚಿಕೆ ಮಾತ್ರ ಅಲ್ಲ. 1963ರ ಅಕ್ಟೋಬರಿನಲ್ಲಿ ಬ್ರಿಟನ್ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್‌ಗೆ ಮೂತ್ರ ಕಟ್ಟಿ ಪ್ರಾಸ್ಟೇಟ್ ಆಪರೇಷನ್ ಆಯಿತು. ಇನ್ನು ಮುಗೀತು ಅಂದುಕೊಂಡು ಆಸ್ಪತ್ರೆಯಿಂದಲೇ ರಾಜೀನಾಮೆ ಕೊಟ್ಟರು. ಗಂಟು ಸಾಧಾರಣದ್ದೇ ಆಗಿತ್ತು. ಆಮೇಲೆ 23 ವರ್ಷ ಬದುಕಿದರು. ಮರುವರ್ಷ ಏಪ್ರಿಲಿನಲ್ಲಿ ಫ್ರಾನ್ಸಿನ ಅಧ್ಯಕ್ಷ ಶಾರ್ಲ್ ದ ಗಾಲ್ ಅವರಿಗೆ ಇದೇ ಆಪರೇಷನ್, ಮುಗಿಯುವ ತನಕ ಜನಕ್ಕೆ ಸುದ್ದಿಯೇ ಇಲ್ಲ. ಯುದ್ಧ ಮಾಡಿದ ಜನರಲ್ಲೇ ಹೇಳಿಕೊಳ್ಳಲಿಲ್ಲ ಅಂದಮೇಲೆ ನಮ್ಮಪ್ಪ ಹೇಳಿಕೊಳ್ಳಬೇಕಿತ್ತು ಅನ್ನೋದು ಹೇಗೆ?

ಎರಡನೇ ಸಲ ಮನೆಗೆ ಬಂದ ಮೇಲೆ ನಾನು ಮೊದಲು ಮಾಡಿದ ಕೆಲಸ ಆ ಹಾಳೆಯನ್ನು ಕನ್ನಡಕ್ಕೆ ತಂದದ್ದು. ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿದೆ. ಮೊದಲ ಸಾಲು: ವಾಸನೆ ಬರುತ್ತೆ, ಅದು ಗಾಯ ಮಾಗುವ ವಾಸನೆ. ಎರಡನೇ ಸಾಲು: ಬೆಳಗ್ಗೆಯಿಂದ ಸಂಜೆವರೆಗೆ ಈ ಚೊಂಬಲ್ಲಿ ಐದು ಚೊಂಬು. ಮೂರನೆಯದು: ಜ್ವರ, ಗಡ್ಡೆ, ನಿಂತುಹೋಗೋದು ಆದರೆ ನನ್ನನ್ನು ಎಬ್ಬಿಸು. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. "ಇದನ್ನ ಅವತ್ತೇ ಹೇಳಿದ್ರೆ ಆಗ್ತಿರ್ಲಿಲ್ವಾ" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರನೇ ವಾರ ಬಣ್ಣ ತಿಳಿಯಾಯಿತು. ಆರನೇ ವಾರದ ಹೊತ್ತಿಗೆ ವಾಸನೆ ಇಲ್ಲ ಅನ್ನಬಹುದಾದಷ್ಟು. ಬಚ್ಚಲಿನ ಹಳೆಯ ಘಾಟೂ ಹೋಗಿದೆ ಅಂತ ಅಮ್ಮನೇ ಮೊದಲು ಗಮನಿಸಿದ್ದು. ರಾತ್ರಿ ಏಳೋದು ಒಂದೇ ಸಲ.

ಒಂದು ಸಂಜೆ ನಾನು ಬೆಂಗಳೂರಿನಿಂದ ಊರಿಗೆ ಹೋದಾಗ ಅಪ್ಪ ಜಗಲಿ ಮೇಲಿದ್ದ. ಪಕ್ಕದಲ್ಲಿ ಚೊಂಬು, ಕಿವಿಗೆ ಮೊಬೈಲು. ಆ ಕಡೆ ಪಾವಗಡದ ಕಡ್ಲೆಕಾಯಿ ರೈತ. ನಾಲ್ಕು ದಿನ ಪಕ್ಕದ ಹಾಸಿಗೆಯಲ್ಲಿದ್ದರೂ ಕಾಯಿಲೆ ಬಗ್ಗೆ ಒಂದು ಮಾತಾಡದಿದ್ದ ಇಬ್ಬರೂ ಈಗ ಮಾತಾಡುತ್ತಿದ್ದರು. ಆತನಿಗೆ ಲೈನು ಸರಿ ಸಿಗುತ್ತಿರಲಿಲ್ಲ ಅನ್ನಿಸುತ್ತೆ, ಅಪ್ಪ ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳುತ್ತಿದ್ದ.

"ವಾಸ್ನೆ ಬತ್ತೈತಾ? ಬರ್ಲಿ ಬಿಡು. ನಂಗೂ ಬತ್ತಿತ್ತು. ಜ್ವರ ಐತಾ? ಇಲ್ವಲ್ಲ? ಹಂಗಾದ್ರೆ ನೀರು ಕುಡಿ. ನಾಚ್ಕೊಂಡು ನೀರು ಬಿಟ್ಟು ನಂತರ ಮಾಡ್ಕೋಬ್ಯಾಡ."